ಪಾತ್ರೆಯ ತಳದ ಹೆಸರು

ಟ್ರಾಸ್ಕ್ ಕೌಂಟಿಯ ಕೋರ್ಟಿನಲ್ಲಿ ಮೂರನೇ ಕಿಟಕಿ ನನ್ನದು. ಸತ್ತವರ ಆಸ್ತಿಯ ಕಾಗದಪತ್ರಗಳೆಲ್ಲ ಅಲ್ಲಿಗೇ ಬರಬೇಕು. ಮೂವತ್ತೊಂದು ವರ್ಷದಿಂದ ಗಾಜಿನ ಈಚೆ ನಾನು, ಆಚೆ ಅಳುವವರು. ಗಾಜಿನ ಮೇಲೊಂದು ಬೋರ್ಡಿದೆ: ‘ಇಲ್ಲಿ ಕಾನೂನಿನ ಸಲಹೆ ಕೊಡುವುದಿಲ್ಲ.’ ನಾನು ಫಾರ್ಮ್ ಕೊಡಬಹುದು, ಅದರಲ್ಲಿ ಎಲ್ಲಿ ಗುರುತು ಹಾಕಬೇಕೆಂದು ಹೇಳುವಂತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಮೊದಮೊದಲು ಈ ನಿಯಮ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ, ಬರಬರುತ್ತ ಬಹಳ ಅನುಕೂಲವೇ ಆಯಿತು.

ಹೋದ ವರ್ಷ ನಮ್ಮ ರಾಜ್ಯ ಕಾನೂನು ಬದಲಾಯಿಸಿತು. ಅಲ್ಲಿಯವರೆಗೆ ಐವತ್ತು ಸಾವಿರ ಡಾಲರಿಗಿಂತ ಹೆಚ್ಚು ಬಿಟ್ಟು ಸತ್ತವರ ಮನೆಯವರು ವಕೀಲರನ್ನು ಹಿಡಿದು, ಜಡ್ಜ್ ಮುಂದೆ ನಿಂತು, ಮೂರು ವಾರ ಪೇಪರಿನಲ್ಲಿ ಪ್ರಕಟಣೆ ಹಾಕಿಸಿ, ವರ್ಷವಿಡೀ ಅಲೆಯಬೇಕಿತ್ತು. ಈಗ ಮಿತಿ ಒಂದು ಲಕ್ಷ. ಅದರೊಳಗಿದ್ದರೆ ವಕೀಲರೂ ಬೇಡ, ಜಡ್ಜೂ ಬೇಡ, ಪ್ರಕಟಣೆಯೂ ಬೇಡ. ಸಾವಾಗಿ ನಲವತ್ತೈದು ದಿನ ಕಾದು, ಒಂದೇ ಹಾಳೆಯ ಅಫಿಡವಿಟ್‌ಗೆ ಸಹಿ ಹಾಕಿ ಹಂಚಿಕೊಂಡರೆ ಮುಗಿಯಿತು.

ಈ ಸಾಧನೆಗಾಗಿ ನಮ್ಮ ಶಾಸಕರು ಕೋರ್ಟಿಗೇ ಬಂದು ಕೇಕ್ ಕತ್ತರಿಸಿದರು. ‘ಇನ್ನು ಮುಂದೆ ದುಃಖದಲ್ಲಿರುವವರಿಗೆ ಕಾನೂನಿನ ಕಾಟ ಇಲ್ಲ’ ಎಂದರು. ಊರಿನ ಹಳೆಯ ವಕೀಲ ತೋರ್ಸನ್ ಮುಖ ಸಿಂಡರಿಸಿಕೊಂಡೇ ಎರಡು ತುಂಡು ತಿಂದ. "ನನ್ನ ಸಾವಿನ ಊಟ ನಾನೇ ಉಣ್ತಾ ಇದೀನಿ ನೋಡು, ಲವಾನ್" ಎಂದ. ಲವಾನ್ ಅಂದರೆ ನಾನೇ. ನನಗೆ ಬೇರೆಯದೇ ಅನುಮಾನವಿತ್ತು. ಜನ ಕೋರ್ಟಿಗೆ ಬರುವುದು ನ್ಯಾಯಕ್ಕಾಗಿ ಅಂತ ಹೊರಗಿನವರು ತಿಳಿದಿರುತ್ತಾರೆ. ಎಷ್ಟೋ ಜನ ಬರುವುದು ಬಯ್ಯಲು ಒಬ್ಬ ಜಡ್ಜ್ ಸಿಗಲಿ ಅಂತ. ಜಡ್ಜನ್ನೇ ತೆಗೆದುಬಿಟ್ಟರೆ ಇವರು ಯಾರನ್ನು ಬಯ್ಯಬೇಕು?

ಹೊಸ ಕಾನೂನಿನಡಿ ನನ್ನ ಕಿಟಕಿಗೆ ಬಂದ ಮೊದಲ ಸಾವು ಎಲ್ಡೋರಾಳದು. ಎಂಬತ್ತೇಳು ವರ್ಷ. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಾಡಿಗೆಯ ಪುಟ್ಟ ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡು, ಪುದೀನ ಮಿಠಾಯಿಯ ವಾಸನೆ ಹೊಡೆಯುವ ಒಂದು ಬ್ಯೂಕ್ ಕಾರು, ಮನೆ ತುಂಬ ಸಾಮಾನು, ಇಷ್ಟೇ. ವಿಲ್ ಬರೆದಿರಲಿಲ್ಲ. ಬರೆಸಲೆಂದು ತೋರ್ಸನ್ ಒಮ್ಮೆ ಮಳೆಯಲ್ಲಿ ಅವಳ ಮನೆಗೆ ಹೋಗಿದ್ದನಂತೆ. "ಸಾಯೋಕೂ ವಕೀಲ್ರು ಬೇಕೇನಪ್ಪಾ?" ಅಂತ ಕೇಳಿ, ಹೊಟ್ಟೆ ತುಂಬ ಸೇಬಿನ ಪೈ ತಿನ್ನಿಸಿ ಕಳಿಸಿದ್ದಳು. ಆ ಪೈ ತಿಂದ ಮೇಲೆ ಯಾರಿಗೂ ಬಂದ ಕೆಲಸ ನೆನಪಿರುತ್ತಿರಲಿಲ್ಲ. ನಾನೂ ಇಪ್ಪತ್ತು ವರ್ಷ ಗುರುವಾರ ಸಂಜೆ ಅವಳ ಅಡುಗೆಮನೆಯ ಓಕ್ ಮರದ ಮೇಜಿನ ಮುಂದೆ ಕೂತು ಅದನ್ನು ತಿಂದವಳು.

ವಾರಸುದಾರರು ಇಬ್ಬರು, ತೀರಿಕೊಂಡ ಅಣ್ಣನ ಮಕ್ಕಳು. ದೊಡ್ಡವನು ವೆಂಡೆಲ್. ಎಪ್ಪತ್ತಮೂರು ವರ್ಷ, ಎರಡು ಸಲ ಹೃದಯದ ಆಪರೇಷನ್ ಆಗಿದೆ, ಎರಡು ಗಂಟೆ ದಾರಿಯಾಚೆ ದೋಣಿ ಮಾರುತ್ತಾನೆ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಹಂದಿ ತೊಡೆಯ ಒಂದು ಇಡೀ ಹ್ಯಾಮ್ ಹೊತ್ತು ಅತ್ತೆಯನ್ನು ನೋಡಲು ಬರುತ್ತಿದ್ದ, ಆ ಹ್ಯಾಮನ್ನು ಮುಕ್ಕಾಲು ಪಾಲು ತಾನೇ ತಿಂದು ಹೋಗುತ್ತಿದ್ದ. ಚಿಕ್ಕವಳು ಆರ್ಲಿಸ್, ಐವತ್ತೊಂಬತ್ತು, ನಮ್ಮೂರ ಶಾಲೆಯ ಅಡುಗೆಯವಳು. ಹನ್ನೊಂದು ವರ್ಷ ಒಂದು ದಿನ ತಪ್ಪದೆ ಅತ್ತೆಗೆ ರಾತ್ರಿಯ ಊಟ ತಂದುಕೊಟ್ಟು, ಪಾತ್ರೆ ತೊಳೆದು, ಕಾಲಿಗೆ ಮುಲಾಮು ಹಚ್ಚಿ ಹೋಗುತ್ತಿದ್ದಳು. ಏಳು ವರ್ಷದ ಹುಡುಗಿಯಾಗಿದ್ದಾಗ ಅದೇ ಓಕ್ ಮೇಜಿನ ಮೇಲೆ ಅವಳಿಗೆ ಹಿಟ್ಟು ಲಟ್ಟಿಸಲು ಕಲಿಸಿದ್ದು ಎಲ್ಡೋರಾ.

ಮಣ್ಣಾದ ಮೂರನೇ ದಿನಕ್ಕೆ ಆರ್ಲಿಸ್ ನನ್ನ ಕಿಟಕಿಯಲ್ಲಿ ಹಾಜರು.

"ಲವಾನ್, ಇಲ್ಲಿ ‘ಹಕ್ಕುಳ್ಳವರಿಗೆ ಹಂಚುತ್ತೇನೆ’ ಅಂತಿದೆಯಲ್ಲ, ಹಕ್ಕುಳ್ಳವರು ಅಂದ್ರೆ ಯಾರು?"

"ಅದನ್ನ ನಾನು ಹೇಳೋ ಹಾಗಿಲ್ಲ."

"ಇರೋದು ನಾನು, ವೆಂಡೆಲ್ ಇಬ್ರೇ. ನಾವೇ ತಾನೆ?"

"ಬೋರ್ಡ್ ಓದು, ಆರ್ಲಿಸ್."

"ಇಪ್ಪತ್ತು ವರ್ಷ ನಮ್ಮತ್ತೆ ಮೇಜಿಗೆ ಮೊಣಕೈ ಊರಿ ಪೈ ತಿಂದಿದೀಯ. ನಂಗೇ ಬೋರ್ಡ್ ತೋರಿಸ್ತೀಯಾ?"

"ಗಾಜಿನ ಈಚೆ ಕೂತಾಗ ನಾನು ಯಾವ ಪೈನೂ ತಿಂದಿಲ್ಲ."

"ನಿನ್ನ ಹೊಟ್ಟೆ ಗಾಜಿನ ಆಚೆ ಇರುತ್ತೇನೋ" ಎಂದು ಗೊಣಗಿ ಫಾರ್ಮ್ ಎತ್ತಿಕೊಂಡು ಹೋದಳು.

ಬ್ಯಾಂಕಿನ ದುಡ್ಡಿನ ವಿಷಯದಲ್ಲಿ ತಕರಾರೇ ಇರಲಿಲ್ಲ. ಸರಿ ಅರ್ಧ ಮಾಡಿಕೊಳ್ಳೋಣ ಎಂದು ಅಣ್ಣ ತಂಗಿ ಫೋನಿನಲ್ಲೇ ಮಾತಾಡಿಕೊಂಡರು, ಕಾರು ವೆಂಡೆಲ್‌ಗೆ ಅಂತ ಆರ್ಲಿಸಳೇ ಹೇಳಿದಳು. ಗಂಟು ಬಿದ್ದದ್ದು ಮನೆ ಸಾಮಾನಿನಲ್ಲಿ. ನಲವತ್ತೈದು ದಿನ ಕಾಯಬೇಕಲ್ಲ, ಸುಮ್ಮನೆ ಕೂರುವ ಜೀವವಲ್ಲ ಆರ್ಲಿಸ್, ಅತ್ತೆಯ ಮನೆ ತೊಳೆಯಲು ಶುರುಮಾಡಿದಳು. ಒಂದು ಗಾಜಿನ ಬೋಗುಣಿಯನ್ನು ಮಗುಚಿದರೆ ತಳದಲ್ಲಿ ಕಾಗದದ ಟೇಪಿನ ತುಂಡು. ಅದರ ಮೇಲೆ ಪೆನ್ನಿನಲ್ಲಿ ಬರೆದ ಹೆಸರು: ವೆಂಡೆಲ್.

ನಮ್ಮ ಕಡೆಯ ಮುದುಕಿಯರಿಗೆ ಒಂದು ಅಭ್ಯಾಸ ಇದೆ. ವಯಸ್ಸಾಗುತ್ತಿದ್ದಂತೆ ಮನೆಯ ಸಾಮಾನಿನ ತಳಕ್ಕೆ ಟೇಪು ಅಂಟಿಸಿ, ತಾನು ಸತ್ತ ಮೇಲೆ ಯಾವುದು ಯಾರಿಗೆ ಎಂದು ಹೆಸರು ಬರೆದಿಡುತ್ತಾರೆ. ಹಿಂದಿನ ಬೀದಿಯ ಬರ್ನೀಸ್ ನೊಣ ಹೊಡೆಯುವ ಬೀಸಣಿಗೆಯನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಎಲ್ಡೋರಾಳ ಮನೆಯ ಟೇಪು ಕಂಡಾಗ ಆರ್ಲಿಸ್ ಬೇರೆ ಯೋಚನೆಯೇ ಮಾಡಲಿಲ್ಲ. ನಾನಾಗಿದ್ದರೂ ಮಾಡುತ್ತಿರಲಿಲ್ಲ.

ಎರಡು ವಾರ ಬಿಟ್ಟು ಊಟದ ಬಿಡುವಿನಲ್ಲಿ ಬಂದಳು. ಕೈಯಲ್ಲಿ ಒಂದು ಪಟ್ಟಿ, ಕಣ್ಣು ಕೆಂಪಗೆ.

"ವೆಂಡೆಲ್ ಹೆಸರು ಏಳು ಕಡೆ ಇದೆ" ಎಂದಳು. "ಗೋಡೆ ಗಡಿಯಾರ ಅವಂಗೆ. ಮೀನು ಹಿಡಿಯೋ ಕೋಲುಗಳು ಅವಂಗೆ. ಪಕ್ಕದ್ಮನೆ ಗೇಲನ್‌ಗೆ ಏಣಿ. ಪಾದ್ರಿ ಮನೆಗೆ ಕಾಫಿ ಕುದಿಸೋ ದೊಡ್ಡ ಪಾತ್ರೆ. ತೋರ್ಸನ್ ವಕೀಲ್ರಿಗೆ ಏನು ಗೊತ್ತಾ? ಛತ್ರಿ! ನಿಂಗೂ ಏನೋ ಒಂದು ಪಾತ್ರೆ ಇದೆ."

"ನಿಂಗೆ?"

ಅವಳು ಪಟ್ಟಿಯನ್ನು ಮಡಚಿದಳು, ಮತ್ತೆ ಬಿಚ್ಚಿದಳು. "ಎಲ್ಲಾ ಮಗುಚಿ ನೋಡ್ದೆ, ಲವಾನ್. ಕುರ್ಚಿ, ಕಸದ ಮೊರ, ಹೊಲಿಗೆ ಡಬ್ಬಿ. ಆ ಓಕ್ ಮೇಜಿನ ಕೆಳಗೆ ಟಾರ್ಚ್ ಹಿಡ್ಕೊಂಡು ಅಂಗಾತ ಮಲಗಿ ನೋಡ್ದೆ. ಎಲ್ಲೂ ಇಲ್ಲ."

"ಮರ್ತಿರ್ಬೇಕು ಕಣೆ. ವಯಸ್ಸಾಗಿತ್ತು."

"ವಕೀಲನ್ನ ಮರೀಲಿಲ್ಲ. ವರ್ಷಕ್ಕೊಂದ್ಸಲ ಹ್ಯಾಮ್ ತರೋನನ್ನ ಏಳು ಸಲ ನೆನಪಿಟ್ಕೊಂಡಿದಾಳೆ. ದಿನಾ ಊಟ ತಂದೋಳು ಮಾತ್ರ ನೆನಪಾಗ್ಲಿಲ್ಲ. ಅವಳಿಗೆ ನಾನು ಯಾರು ಹಾಗಾದ್ರೆ? ಊಟ ಕೊಡೋ ಡಬ್ಬಿಯೋಳಾ?"

ಅವಳಿಗೆ ಬೇಕಿದ್ದದ್ದು ಮೇಜಲ್ಲ, ಎಲ್ಲಾದರೂ ಒಂದು ಕಡೆ ಅತ್ತೆಯ ಅಕ್ಷರದಲ್ಲಿ ತನ್ನ ಹೆಸರು. ಅದು ಕಾಣದೆ ಅವಳು ಒಳಗೊಳಗೇ ಕುಸಿದದ್ದು ಗಾಜಿನ ಈಚೆಗೂ ಕಾಣುತ್ತಿತ್ತು. ಅವಳ ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. "ಮುಂದಿನವರು ಬನ್ನಿ" ಎಂದೆ.

ಮುನಿಸಿಕೊಂಡ ಆರ್ಲಿಸಳಷ್ಟು ಪ್ರಾಮಾಣಿಕಳು ಈ ಕೌಂಟಿಯಲ್ಲಿ ಸಿಗುವುದಿಲ್ಲ. ಟೇಪಿನಲ್ಲಿ ಇದ್ದ ಹಾಗೇ ಆಗಬೇಕು ಎಂದು ಪಟ್ಟು ಹಿಡಿದಳು. ಹೆಸರಿಲ್ಲದ ಸಾಮಾನು? ಅರ್ಧ ಅವಳದೇ ಆಗಬೇಕಿತ್ತು. "ಅವಳು ಬರೆದು ಕೊಡದೇ ಇರೋ ಮನೆಯಿಂದ ಒಂದು ಚಮಚಾನೂ ಒಯ್ಯಲ್ಲ, ಎಲ್ಲಾ ಚರ್ಚಿನ ಹಳೆಸಾಮಾನು ಮಾರಾಟಕ್ಕೆ ಹೋಗ್ಲಿ" ಎಂದಳು. ವೆಂಡೆಲ್ ಫೋನಿನಲ್ಲೇ ಒಪ್ಪಿದ. ನಲವತ್ತಾರನೇ ದಿನ ಆರ್ಲಿಸ್ ಬಂದು ನನ್ನ ಮುಂದೆ ಬಲಗೈ ಎತ್ತಿ, ಪಟ್ಟಿಯಲ್ಲಿರುವುದೆಲ್ಲ ಸತ್ತವಳ ಸ್ವಂತದ್ದೇ ಎಂದು ಪ್ರಮಾಣ ಮಾಡಿದಳು. ಛತ್ರಿ, ಏಣಿ, ಗಡಿಯಾರ ಎಲ್ಲ ಸೇರಿ. ನಾನು ಮುದ್ರೆ ಒತ್ತಿದೆ. ಎಲ್ಲ ಸೇರಿ ಆರು ನಿಮಿಷ. ಹಳೆಯ ಕಾನೂನಾಗಿದ್ದರೆ ಪೇಪರಿನಲ್ಲಿ ಮೂರು ವಾರ ಪ್ರಕಟಣೆ ಬರುತ್ತಿತ್ತು: ಸತ್ತವರ ಬಳಿ ನಿಮ್ಮದೇನಾದರೂ ಇದ್ದರೆ ಬಂದು ತಿಳಿಸಿ ಅಂತ. ಅದನ್ನು ಓದಿ ಯಾರಾದರೊಬ್ಬರು ತಲೆ ಕೆರೆದುಕೊಳ್ಳುತ್ತಿದ್ದರು. ಆ ಕಾಟವನ್ನೇ ಶಾಸಕರು ಕೇಕ್ ಕತ್ತರಿಸಿ ತೆಗೆದುಹಾಕಿದ್ದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಹೊತ್ತಿಗೆ ಹಂಚಿಕೆ. ಉದ್ದನೆಯ ಮೇಜುಗಳ ಮೇಲೆ ಆರ್ಲಿಸ್ ಎಲ್ಲ ಜೋಡಿಸಿದ್ದಳು. ಒಬ್ಬೊಬ್ಬರ ಹೆಸರು ಕೂಗುತ್ತಿದ್ದಳು. ಶಾಲೆಯಲ್ಲಿ ಮಕ್ಕಳ ತಟ್ಟೆಗೆ ಬಡಿಸುವ ಅದೇ ದನಿ.

ವೆಂಡೆಲ್ ಗಡಿಯಾರವನ್ನು ಎದೆಗವಚಿಕೊಂಡು ಅತ್ತುಬಿಟ್ಟ. "ಅತ್ತೆಗೆ ಹೇಗೆ ಗೊತ್ತಾಯ್ತು ನಂಗೆ ಇಂಥದ್ದೇ ಇಷ್ಟ ಅಂತ! ನಮ್ಮನೇಲೂ ಒಂದು ಹಿಂಗೇ ಇತ್ತು, ಮೊದಲ್ನೇ ಹೆಂಡ್ತಿ ಬಿಟ್ಟು ಹೋದಾಗ ಎಲ್ಲಿ ಹೋಯ್ತೋ ಏನೋ."

ಪಕ್ಕದ ಮನೆಯ ಗೇಲನ್ ಏಣಿಯನ್ನು ಸವರಿ ಸವರಿ ನೋಡಿದ. ತನ್ನ ಏಣಿ ಕದ್ದನೆಂದು ಎದುರುಮನೆಯವನ ಜೊತೆ ಆರು ವರ್ಷದಿಂದ ಮಾತು ಬಿಟ್ಟಿದ್ದವನು ಅವನು. "ಕಳೆದುಹೋದದ್ದು ಥೇಟ್ ಇಂಥದ್ದೇ" ಎಂದ. "ಪಾಪ, ಎಲ್ಡೋರಾ ನನ್ನ ಸಂಕಟ ನೋಡ್ಲಾರ್ದೆ ಒಂದು ಕೊಂಡಿಟ್ಟಿದ್ಳು ಅನ್ಸುತ್ತೆ."

ಪಾದ್ರಿಯ ಹೆಂಡತಿ ಊರಿಗೆ ಬಂದು ಎರಡೇ ವರ್ಷ. ಕಾಫಿ ಪಾತ್ರೆ ಕಂಡು ಕೈಮುಗಿದಳು. ಚರ್ಚಿನ ದೊಡ್ಡ ಪಾತ್ರೆ ಹಿಂದಿನ ಪಾದ್ರಿಯ ಕಾಲದಲ್ಲೇ ಕಾಣೆಯಾಗಿದ್ದು ಅವಳಿಗೆ ತಿಳಿಯದು. ತೋರ್ಸನ್ ಮಾತ್ರ ಛತ್ರಿಯನ್ನು ಬಿಚ್ಚಿ, ಹಿಡಿಯ ಮೇಲೆ ತಾನೇ ಕೆತ್ತಿದ ಅಕ್ಷರವನ್ನು ನೋಡಿ, ನಿಧಾನವಾಗಿ ಮುಚ್ಚಿದ. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ಅಷ್ಟರಲ್ಲಿ ಆರ್ಲಿಸ್ ನನ್ನ ಹೆಸರು ಕೂಗಿದಳು. ನನ್ನ ಪಾಲಿಗೆ ಬಂದದ್ದು ಹಸಿರು ಬಣ್ಣದ ಓವನ್ ಪಾತ್ರೆ. ಮಗುಚಿ ನೋಡಿದೆ. ‘ಲವಾನ್ ಎಚ್.’ ಅಂತಿತ್ತು. ಎಲ್ಡೋರಾಳ ಅಕ್ಷರವಲ್ಲ, ನನ್ನದೇ ಅಕ್ಷರ. ಐದು ವರ್ಷದ ಹಿಂದೆ ಅವಳು ಜಾರಿ ಬಿದ್ದು ಮಲಗಿದ್ದಾಗ ಕೆನೆ ಹಾಕಿದ ಆಲೂಗಡ್ಡೆ ಬೇಯಿಸಿ ಇದರಲ್ಲೇ ಒಯ್ದಿದ್ದೆ, ಬೇರೆಯವರ ಪಾತ್ರೆಯ ಜೊತೆ ಬೆರೆಯದಿರಲಿ ಎಂದು ಹೆಸರು ಅಂಟಿಸಿದ್ದೆ. ಈ ಊರಿನಲ್ಲಿ ಊಟ ಕಳಿಸುವವರೆಲ್ಲ ಅಂಟಿಸುತ್ತಾರೆ.

ಆಗ ಎಲ್ಲ ಒಂದೇ ಸಲಕ್ಕೆ ಹೊಳೆಯಿತು. ಪಾತ್ರೆಯನ್ನು ಖಾಲಿ ವಾಪಸು ಕೊಡುವುದು ನಮ್ಮಲ್ಲಿ ಮರ್ಯಾದೆಯಲ್ಲ, ಏನಾದರೂ ಮಾಡಿ ತುಂಬಿ ಕೊಡಬೇಕು. ಕೊನೆಯ ವರ್ಷಗಳಲ್ಲಿ ಎಲ್ಡೋರಾಳ ಬೆರಳುಗಳು ಸೊಟ್ಟಗಾಗಿ ಪೈ ಮಾಡಲು ಆಗುತ್ತಿರಲಿಲ್ಲ. ಖಾಲಿ ಕೊಡಲು ಮನಸ್ಸೊಪ್ಪಲಿಲ್ಲ, ತುಂಬಿ ಕೊಡಲು ಕೈಲಾಗಲಿಲ್ಲ. ಯಾರದ್ದು ಎಂದು ಮರೆಯಬಾರದೆಂದು, ಹೆಸರಿಲ್ಲದೆ ಬಂದದ್ದಕ್ಕೆಲ್ಲ ತಾನೇ ಹೆಸರು ಅಂಟಿಸಿ ಇಟ್ಟುಕೊಂಡಿದ್ದಳು. ಎರವಲು ತಂದ ಏಣಿ, ಮರೆತುಹೋದ ಛತ್ರಿ, ಹೆಂಡತಿ ಬಿಟ್ಟಾಗ ವೆಂಡೆಲ್ ತಂದು ಸುರಿದಿದ್ದ ಸಾಮಾನು, ಎಲ್ಲಕ್ಕೂ ಅದೇ. ಹೆಸರಿದ್ದ ಒಂದೊಂದು ವಸ್ತುವೂ ಬೇರೆಯವರದ್ದು. ಅವಳ ಸ್ವಂತದ್ದು ಹೆಸರಿಲ್ಲದ್ದು ಮಾತ್ರ.

ನಾನು ಅಲ್ಲೇ ಬಾಯಿ ಬಿಡಬೇಕಿತ್ತು. ವೆಂಡೆಲ್ ಕಣ್ಣೊರೆಸಿಕೊಳ್ಳುತ್ತಿದ್ದ, ಗೇಲನ್ ಎದುರುಮನೆಯವನಿಗೆ ಕಾಫಿ ಬಗ್ಗಿಸಿ ಕೊಡುತ್ತಿದ್ದ. ಎಲ್ಲರಿಗೂ ಅವರವರ ಸಾಮಾನೇ ಸಿಕ್ಕಿತ್ತು, ಎಲ್ಲರೂ ಸುಖವಾಗಿದ್ದರು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಖಾಲಿ ಪೆಟ್ಟಿಗೆಗಳನ್ನು ತುಳಿದು ಚಪ್ಪಟೆ ಮಾಡುತ್ತಿದ್ದಳು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಸೋಮವಾರ, ಗಾಜಿನ ಹಿಂದೆ ಕೂತೆ. ಬುಧವಾರ ಅವಳು ದಾರಿಯಲ್ಲಿ ಸಿಕ್ಕಳು, ಹವಾಮಾನ ಮಾತಾಡಿದೆ. ಶನಿವಾರ ಹಳೆಸಾಮಾನು ಮಾರಾಟವೂ ಆಗಿಹೋಯಿತು. ಮೂವತ್ತೊಂದು ವರ್ಷ ಸಲಹೆ ಕೊಡದೆ ಕೂತ ಬಾಯಿ ಅದು, ಸುಲಭಕ್ಕೆ ತೆರೆಯುವುದಿಲ್ಲ. ನಾಚಿಕೆಯಾಗಬೇಕು ನನಗೆ. ಆಗಿದೆ.

ಮುಂದಿನ ಸೋಮವಾರ ಅಣ್ಣ ತಂಗಿ ಇಬ್ಬರೂ ಬೇರೆ ಬೇರೆಯಾಗಿ ಕೋರ್ಟಿಗೆ ಬಂದರು. ಬ್ಯೂಕ್ ಕಾರನ್ನು ವೆಂಡೆಲ್ ಹೆಸರಿಗೆ ಬದಲಾಯಿಸಬೇಕಿತ್ತು. ಅವನು ಒಂದನೇ ಕಿಟಕಿಯ ಸಾಲಿನಲ್ಲಿ ನಿಂತ. ಆರ್ಲಿಸ್ ನನ್ನ ಬಳಿ ಬಂದು, ಹಂಚಿಕೆ ಮುಗಿಯಿತೆಂಬ ಕಾಗದ ಒಳಗೆ ತಳ್ಳಿದಳು.

"ಒಂದು ಮಾತು ಕೇಳ್ತೀನಿ. ಕಾನೂನಲ್ಲ" ಎಂದಳು. "ನಾನೇನಾದ್ರೂ ಅವಳ ಮನಸ್ಸು ನೋಯಿಸಿದ್ನಾ? ಗುರುವಾರ ಗುರುವಾರ ನಿನ್ನ ಹತ್ರ ಏನಾದ್ರೂ ಹೇಳಿದ್ಳಾ?"

ನಾನು ಎದ್ದೆ. ಕಿಟಕಿಗೆ ‘ಮುಚ್ಚಿದೆ’ ಹಲಗೆ ಇಟ್ಟು, ಪಕ್ಕದ ಬಾಗಿಲಿನಿಂದ ಸುತ್ತಿಕೊಂಡು ಆಚೆ ಬಂದು ಅವಳ ಎದುರು ನಿಂತೆ. ಗಾಜಿಲ್ಲದೆ ಅವಳು ಇನ್ನೂ ಸಣ್ಣಗೆ ಕಂಡಳು. ಎಲ್ಲ ಹೇಳಿದೆ. ಹಸಿರು ಪಾತ್ರೆ, ನನ್ನ ಅಕ್ಷರ, ಛತ್ರಿಯ ಹಿಡಿ, ಏಣಿ, ಸೊಟ್ಟಗಾದ ಬೆರಳು, ಎಲ್ಲ.

"ವಾಪಸ್ ಕೊಡ್ಬೇಕಾದ್ದಕ್ಕೆ ಹೆಸರು ಅಂಟಿಸಿದ್ಳು ಕಣೆ. ನೀನು ದಿನಾ ನಿನ್ನ ಪಾತ್ರೆ ತೊಳೆದು ಒಯ್ತಿದ್ದೆ. ನಿಂದು ಅಂತ ಅಲ್ಲಿ ಏನು ಉಳೀತಿತ್ತು, ಹೆಸರು ಬರೆಯೋಕೆ?"

ಅವಳು ಕೈಯಲ್ಲಿದ್ದ ಪರ್ಸನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಆಮೇಲೆ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು. "ಅಂದ್ರೆ ಅವಳದ್ದು ಅಂತ ಇದ್ದಿದ್ದನ್ನೆಲ್ಲ ನಾನು ಮಾರಾಟಕ್ಕೆ ಹಾಕ್ದೆ."

"ಹೌದು."

"ನಿಂಗೆ ಯಾವಾಗ ಗೊತ್ತಾಯ್ತು?"

"ಹಂಚಿದ ದಿನಾನೇ."

"ಎಂಟು ದಿನ!" ಎಂದಳು. "ಎಂಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ? ನಿನ್ನ ಬೋರ್ಡಿಗೆ ಬೆಂಕಿ ಬೀಳ." ಆ ಬೈಗುಳ ನನಗೆ ಸಲ್ಲಬೇಕಾದದ್ದೇ, ತೆಗೆದುಕೊಂಡೆ. "ಮೇಜು ಯಾರು ತಗೊಂಡ್ರು?"

ನಾನು ಹೊರಗೋಡೆಯ ಕಿಟಕಿಯಾಚೆ ತೋರಿಸಿದೆ. ಅಂಗಳದಲ್ಲಿ ವೆಂಡೆಲ್‌ನ ಪಿಕಪ್ ನಿಂತಿತ್ತು. ಅದರ ಹಿಂದೆ ನಾಲ್ಕು ಕಾಲು ಮೇಲೆ ಮಾಡಿ ಮಲಗಿತ್ತು ಓಕ್ ಮೇಜು. ಶನಿವಾರ ಚರ್ಚಿನಲ್ಲಿ ಇಪ್ಪತ್ತು ಡಾಲರ್ ಕೊಟ್ಟು ಕೊಂಡಿದ್ದನಂತೆ. ಹೊಸ ಕಾನೂನಿನ ಪ್ರಕಾರ ಅರ್ಧ ಅವನದೇ ಆಗಿದ್ದ ಮೇಜು.

ಕೆಲಸ ಮುಗಿಸಿ ವೆಂಡೆಲ್ ಬಂದ. ಆರ್ಲಿಸ್ ಜೊತೆಯಲ್ಲೇ ಮೆಟ್ಟಿಲಿಳಿದಳು, ನಾನೂ ಹಿಂದೆ ಹೋದೆ.

"ಈ ಮೇಜು ಯಾಕೆ ತಗೊಂಡೆ?" ಅಂತ ಕೇಳಿದಳು.

"ಗ್ಯಾರೇಜಲ್ಲಿ ಎಂಜಿನ್ ಬಿಚ್ಚೋಕೆ. ಗಟ್ಟಿ ಇದೆ. ಅತ್ತೆ ಯಾರ ಹೆಸ್ರೂ ಬರೆದಿಲ್ಲ ಅಂದ್ಮೇಲೆ ಅವಳಿಗೇ ಇದು ಲೆಕ್ಕಕ್ಕಿರ್ಲಿಲ್ಲ ಅಂತ ತಾನೆ?" ಎಂದ. ಮತ್ತೆ ದನಿ ಇಳಿಸಿ, "ಗಡಿಯಾರಾನ ಹಾಸಿಗೆ ಎದುರಿಗೇ ಹಾಕಿದೀನಿ. ಬೆಳಿಗ್ಗೆ ಎದ್ದ ಕೂಡ್ಲೆ ಅತ್ತೆ ನೆನಪಾಗ್ತಾಳೆ. ನನ್ನನ್ನ ಅಷ್ಟು ಹಚ್ಕೊಂಡಿದ್ಳು ಅಂತ ಗೊತ್ತೇ ಇರ್ಲಿಲ್ಲ, ಆರ್ಲಿಸ್" ಎಂದ.

ಅವಳು ಬಾಯಿ ತೆರೆದಳು. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿಲ್ಲ.

"ಇಟ್ಕೋ. ಎಂಜಿನ್ ಎಣ್ಣೆ ಜಾಸ್ತಿ ಚೆಲ್ಬೇಡ ಅಷ್ಟೇ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಲವಾನ್, ನಿನ್ನ ಮೇಜಿನ ಮೇಲೆ ಕಾಗದದ ಟೇಪ್ ಇದೆಯಾ?"

ತಂದುಕೊಟ್ಟೆ, ಪೆನ್ನನ್ನೂ ಕೊಟ್ಟೆ. ವೆಂಡೆಲ್ ಸ್ಟೇರಿಂಗ್ ಮುಂದೆ ಕೂತು ಕನ್ನಡಕ ಹುಡುಕುತ್ತಿದ್ದ. ಹಗ್ಗ ಬಿಗಿಯಾಗಿದೆಯಾ ನೋಡುವವಳಂತೆ ಅವಳು ಪಿಕಪ್ಪಿನ ಹಿಂಬದಿ ಹತ್ತಿ, ಆಕಾಶಕ್ಕೆ ಮುಖ ಮಾಡಿದ್ದ ಮೇಜಿನ ತಳದಲ್ಲಿ ಒಂದು ತುಂಡು ಅಂಟಿಸಿ, ಶಾಲೆಯ ಮಕ್ಕಳ ಹಾಗೆ ದಪ್ಪ ಅಕ್ಷರದಲ್ಲಿ ಬರೆದಳು: ಆರ್ಲಿಸ್. ಎರಡು ಸಲ ಅಂಗೈಯಿಂದ ಒತ್ತಿ ಸವರಿ ಇಳಿದಳು.

ಗಾಡಿ ಹೋಗುವವರೆಗೂ ಇಬ್ಬರೂ ನೋಡುತ್ತ ನಿಂತಿದ್ದೆವು. ವೆಂಡೆಲ್‌ಗೆ ಎಪ್ಪತ್ತಮೂರು, ಎರಡು ಆಪರೇಷನ್. ಮಕ್ಕಳು ಒಂದು ದಿನ ಆ ಗ್ಯಾರೇಜು ಖಾಲಿ ಮಾಡುತ್ತಾರೆ, ಮೇಜು ಮಗುಚುತ್ತಾರೆ, ಅಪ್ಪ ತನ್ನ ತಂಗಿಯನ್ನು ಎಷ್ಟು ಹಚ್ಚಿಕೊಂಡಿದ್ದ ಎಂದು ಕಣ್ಣೊರೆಸಿಕೊಳ್ಳುತ್ತಾರೆ.

"ಹೀಗೆ ಮಾಡಿದ್ದು ಕಾನೂನು ಪ್ರಕಾರ ಸರೀನಾ?" ಎಂದಳು ಆರ್ಲಿಸ್.

"ಅದನ್ನ ನಾನು ಹೇಳೋ ಹಾಗಿಲ್ಲ."

"ಸರಿ, ಆ ಒಂದು ಹಾಳೆಯ ಫಾರ್ಮ್ ಇನ್ನೊಂದು ಕೊಡು" ಎಂದಳು. "ಅವನ ಮಕ್ಕಳು ಇಲ್ಲೀತನಕ ಯಾಕೆ ಅಲೀಬೇಕು, ಪಾಪ."

ಕೊಟ್ಟೆ. ಮಡಚಿ ಪರ್ಸಿನಲ್ಲಿಟ್ಟುಕೊಂಡು ಶಾಲೆಯ ಊಟದ ಹೊತ್ತಾಯಿತೆಂದು ಹೊರಟಳು. ಅವಳ ಬಲಗೈ ಬೆರಳಿಗೆ ಪೆನ್ನಿನ ಶಾಯಿ ಮೆತ್ತಿತ್ತು.